ಹಾವು ಮತ್ತು ಸರೀಸೃಪಗಳ ಸಾಕಣೆಯಲ್ಲಿ ನಿಜವಾದ ಅನುಭವ ಎಂದರೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಹಾವು, ಹಲ್ಲಿ, ಆಮೆಗಳನ್ನು ಸಾಕುವವರಿಗೆ "ನಿಮಗೆ ಎಷ್ಟು ಅನುಭವವಿದೆ?" ಎಂಬ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಪ್ರಾಣಿಯನ್ನು ಮಾರುವವರು, ದತ್ತು ಕೊಡುವವರು, ಪಶುವೈದ್ಯರು, ಪರವಾನಗಿ ನೀಡುವ ಅಧಿಕಾರಿಗಳು ಎಲ್ಲರೂ ಇದನ್ನು ಕೇಳುತ್ತಾರೆ; ಆದರೆ ಉತ್ತರದಲ್ಲಿ ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ಬಗ್ಗೆ ಒಮ್ಮತವಿಲ್ಲ. ಇಲ್ಲಿನ ಉತ್ತರಗಳೆಲ್ಲ ಒಂದೇ ನಿಲುವಿನಿಂದ ಹೊರಟಿವೆ: ಪ್ರಾಣಿಯಲ್ಲಾಗುವ ಸಣ್ಣ ಬದಲಾವಣೆಯನ್ನು ಬೇಗ ಗುರುತಿಸಿ, ಅದರ ಕಾರಣವನ್ನು ಅಳತೆ ಮತ್ತು ದಾಖಲೆಗಳ ನೆರವಿನಿಂದ ಪತ್ತೆಹಚ್ಚಿ, ಸಾಕುವ ಕ್ರಮವನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುವ ಸಾಮರ್ಥ್ಯವೇ ಅನುಭವ.

ಎಷ್ಟು ವರ್ಷ ಸಾಕಿದರೆ ಒಬ್ಬರನ್ನು ಅನುಭವಿ ಎನ್ನಬಹುದು?

ವರ್ಷಗಳ ಸಂಖ್ಯೆಯೊಂದರಿಂದಲೇ ಇದನ್ನು ತೀರ್ಮಾನಿಸಲಾಗದು. ಆದರೂ ಕಾಲಾವಧಿಗೆ ಬೆಲೆಯಿಲ್ಲ ಎನ್ನುವಂತಿಲ್ಲ, ಏಕೆಂದರೆ ಸರೀಸೃಪಗಳ ದೇಹದಲ್ಲಿ ಎಲ್ಲವೂ ನಿಧಾನವಾಗಿ ನಡೆಯುತ್ತದೆ. ಕ್ಯಾಲ್ಸಿಯಂ ಕೊರತೆಯಿಂದ ಹಲ್ಲಿಯ ಮೂಳೆ ಮೆತ್ತಗಾಗಲು, ಅಗತ್ಯಕ್ಕಿಂತ ಹೆಚ್ಚು ತಿಂದ ಹಾವಿನ ಒಳಾಂಗಗಳಲ್ಲಿ ಕೊಬ್ಬು ಸೇರಲು, ನೀರು ಸಾಲದೆ ಆಮೆಯ ಮೂತ್ರಪಿಂಡ ಹಾಳಾಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಹೀಗಾಗಿ ಮೊದಲ ವರ್ಷ ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂಬುದು ಸಾಕಣೆ ಸರಿಯಾಗಿತ್ತು ಎಂಬುದಕ್ಕೆ ಸಾಕ್ಷಿಯಾಗದು. ತಪ್ಪಿನ ಫಲ ಇನ್ನೂ ಹೊರಗೆ ಕಂಡಿಲ್ಲ ಎಂದಷ್ಟೇ ಅದರ ಅರ್ಥವಾಗಿರಬಹುದು.

ಚೆನ್ನಾಗಿ ನೋಡಿಕೊಂಡರೆ ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಹಾವು ಮತ್ತು ಲೆಪರ್ಡ್ ಗೆಕ್ಕೊ ಎಂಬ ಹಲ್ಲಿ 15ರಿಂದ 20 ವರ್ಷ, ಬಾಲ್ ಪೈಥಾನ್ ಎಂಬ ಚಿಕ್ಕ ಹೆಬ್ಬಾವು 20ರಿಂದ 30 ವರ್ಷ ಬದುಕುತ್ತವೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಒಂದು ಹೆಣ್ಣು ಬಾಲ್ ಪೈಥಾನ್ 2020ರಲ್ಲಿ, ಗಂಡಿನ ಜೊತೆಯಿಲ್ಲದೆಯೇ, ಮೊಟ್ಟೆ ಇಟ್ಟಿತು. ಇಂಥ ಆಯುಷ್ಯವುಳ್ಳ ಪ್ರಾಣಿಯ ಬದುಕಿನಲ್ಲಿ ಎರಡು ವರ್ಷ ಎಂದರೆ ಆರಂಭದ ಅಧ್ಯಾಯ ಮಾತ್ರ. ಒಂದೇ ಪ್ರಾಣಿಯನ್ನು ಮರಿಯಿಂದ ಪ್ರೌಢಾವಸ್ಥೆಯವರೆಗೆ ಬೆಳೆಸಿ, ಆಮೇಲೂ ಕೆಲವು ಋತುಚಕ್ರಗಳನ್ನು ಅದರ ಜೊತೆ ಕಳೆದವರ ಮಾತಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಬೇಸಿಗೆಯಲ್ಲಿ ಗೂಡಿನ ತಣ್ಣನೆಯ ಭಾಗವೂ ಬಿಸಿಯಾಗುವುದು, ಚಳಿಗಾಲದಲ್ಲಿ ಕೋಣೆಯ ಗಾಳಿ ಒಣಗುವುದು, ಸಂತಾನದ ಋತುವಿನಲ್ಲಿ ಗಂಡು ಹಾವು ಆಹಾರ ಬಿಟ್ಟು ಅಲೆಯುವುದು, ಇವೆಲ್ಲ ಒಂದೆರಡು ಬಾರಿ ಕಣ್ಣಿಗೆ ಬಿದ್ದ ಮೇಲಷ್ಟೇ ಯಾವುದು ಸಹಜ, ಯಾವುದು ಅಸಹಜ ಎಂಬ ತಿಳಿವು ಗಟ್ಟಿಯಾಗುತ್ತದೆ.

ಹತ್ತಾರು ಹಾವುಗಳನ್ನು ಸಾಕಿದವರಿಗೆ ಒಂದೇ ಹಾವು ಸಾಕಿದವರಿಗಿಂತ ಹೆಚ್ಚು ಅನುಭವ ಇರುವುದಿಲ್ಲವೇ?

ಇರಬಹುದು, ಆದರೆ ಇರಲೇಬೇಕೆಂದಿಲ್ಲ. ಹೆಚ್ಚು ಪ್ರಾಣಿಗಳನ್ನು ನೋಡಿದವರಿಗೆ ಹೋಲಿಸಿ ನೋಡುವ ಅನುಕೂಲವಿದೆ: ಒಂದೇ ಪ್ರಭೇದದ ಎರಡು ಹಾವುಗಳಲ್ಲಿ ಒಂದು ಧಾವಂತದಿಂದ ತಿನ್ನುವುದು, ಇನ್ನೊಂದು ಸಂಕೋಚದಿಂದ ತಿನ್ನುವುದು ಸಹಜವೆಂದು ಅವರಿಗೆ ಬೇಗ ತಿಳಿಯುತ್ತದೆ. ಸಂಖ್ಯೆ ಹೆಚ್ಚಾದಂತೆ ಪ್ರತಿ ಪ್ರಾಣಿಗೆ ಸಿಗುವ ಗಮನ ಕಡಿಮೆಯಾಗುತ್ತದೆ ಎಂಬುದೂ ಅಷ್ಟೇ ನಿಜ. ಕಪಾಟಿನ ಖಾನೆಗಳಂತೆ ಜೋಡಿಸಿದ ಡಬ್ಬಿಗಳಲ್ಲಿ ಹಾವುಗಳನ್ನಿಟ್ಟು, ವಾರಕ್ಕೊಮ್ಮೆ ಇಲಿ ಹಾಕಿ, ಕೊಳೆ ತೆಗೆಯುವವರಿಗೆ ಆ ಕೆಲಸವನ್ನು ಚುರುಕಾಗಿ ಮಾಡುವ ಅಭ್ಯಾಸ ಇರುತ್ತದೆ. ಆ ಹಾವುಗಳು ರಾತ್ರಿ ಹೊತ್ತು ಏನು ಮಾಡುತ್ತವೆ, ಅವಕಾಶ ಸಿಕ್ಕರೆ ಹತ್ತುತ್ತವೆಯೇ, ಯಾವ ಮೂಲೆಯನ್ನು ಆರಿಸಿಕೊಳ್ಳುತ್ತವೆ ಎಂಬುದು ಅವರಿಗೆ ತಿಳಿದಿರಬೇಕೆಂದಿಲ್ಲ. ಎಷ್ಟು ಪ್ರಾಣಿಗಳನ್ನು ತಂದರು ಎಂಬುದಕ್ಕಿಂತ, ತಂದವುಗಳಲ್ಲಿ ಎಷ್ಟು ಇಂದಿಗೂ ಅವರ ಬಳಿ ಆರೋಗ್ಯವಾಗಿವೆ ಎಂದು ಕೇಳುವುದು ಮೇಲು.

ಹಾವನ್ನು ಹೆದರದೆ ಕೈಯಲ್ಲಿ ಹಿಡಿಯಬಲ್ಲೆ. ಇದು ಅನುಭವವಲ್ಲವೇ?

ಇದು ಅನುಭವದ ಒಂದು ಸಣ್ಣ ಭಾಗ. ದೇಹಕ್ಕೆ ಎರಡು ಮೂರು ಕಡೆ ಆಸರೆ ಕೊಟ್ಟು ಎತ್ತುವುದು, ತಲೆಯನ್ನು ಒತ್ತಿ ಹಿಡಿಯದಿರುವುದು, ಉಂಡ ನಂತರ ಕನಿಷ್ಠ 48 ಗಂಟೆ ಮುಟ್ಟದಿರುವುದು, ಬಾಲ ಉದುರಿಸುವ ಗೆಕ್ಕೊಗಳನ್ನು ಬಾಲದಿಂದ ಎಂದೂ ಎತ್ತದಿರುವುದು ಕಲಿಯಲೇಬೇಕಾದ ಸಂಗತಿಗಳು. ಆದರೆ ಧೈರ್ಯವಿದ್ದ ಮಾತ್ರಕ್ಕೆ ಪ್ರಾಣಿಯ ಮನಸ್ಥಿತಿ ಅರ್ಥವಾಗುವುದಿಲ್ಲ. ಕೈಯಲ್ಲಿ ಅಲುಗಾಡದೆ ಕುಳಿತ ಬಾಲ್ ಪೈಥಾನ್ ಶಾಂತವಾಗಿದೆ ಎಂದು ಹಲವರು ಭಾವಿಸುತ್ತಾರೆ. ಮೈ ಬಿಗಿಹಿಡಿದು, ತಲೆಯನ್ನು ಸುರುಳಿಯೊಳಗೆ ಸೇರಿಸಿಕೊಂಡಿದ್ದರೆ ಅದು ಭಯದ ಲಕ್ಷಣ. ನಾಲಗೆಯನ್ನು ನಿಧಾನವಾಗಿ ಹೊರಚಾಚುತ್ತಾ, ಮೈ ಸಡಿಲಬಿಟ್ಟು ಸುತ್ತ ಅನ್ವೇಷಿಸುವ ಹಾವು ನೆಮ್ಮದಿಯಾಗಿದೆ. ಈ ವ್ಯತ್ಯಾಸವನ್ನು ಕಂಡು, ಇವತ್ತು ಎತ್ತುವುದು ಬೇಡ ಎಂದು ಗೂಡಿನ ಬಾಗಿಲು ಮುಚ್ಚುವವರನ್ನು ನಾನು ಹೆಚ್ಚು ನಂಬುತ್ತೇನೆ.

ಮನೆಗಳಿಗೆ ನುಗ್ಗಿದ ಹಾವುಗಳನ್ನು ಹಿಡಿದು ಬಿಡುವವರ ಅನುಭವ ಸಾಕಣೆಗೆ ಉಪಯೋಗವಾಗುತ್ತದೆಯೇ?

ಅದು ಬೇರೆಯದೇ ವಿದ್ಯೆ. ಹಾವನ್ನು ಗುರುತಿಸುವುದು, ಅದರ ಮುಂದಿನ ಚಲನೆಯನ್ನು ಊಹಿಸುವುದು, ಕೊಕ್ಕೆ ಮತ್ತು ಚೀಲ ಬಳಸಿ ಸುರಕ್ಷಿತವಾಗಿ ಸಾಗಿಸುವುದರಲ್ಲಿ ಅವರಿಗೆ ಪರಿಣತಿ ಇರುತ್ತದೆ, ಅದು ಗೌರವಕ್ಕೆ ಅರ್ಹವಾದದ್ದು. ಆದರೆ ಆ ಹಾವು ಅವರ ಬಳಿ ಇರುವುದು ಕೆಲವು ಗಂಟೆಗಳು. ತಿಂಗಳುಗಟ್ಟಲೆ ಉಣಿಸಿ, ಉಷ್ಣತೆ ಕಾಯ್ದು, ತೂಕ ನೋಡಿ ಬಾಳಿಸುವ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಪುಸ್ತಕ ಓದಿ, ವಿಡಿಯೋ ನೋಡಿ ಪಡೆದ ತಿಳಿವಳಿಕೆಯನ್ನು ಅನುಭವ ಎನ್ನಬಹುದೇ?

ಅದನ್ನು ಸಿದ್ಧತೆ ಎನ್ನುವುದು ಹೆಚ್ಚು ಸರಿ, ಮತ್ತು ಸಿದ್ಧತೆಯಿಲ್ಲದ ಅನುಭವಕ್ಕೆ ಪ್ರಾಣಿಯೇ ಬೆಲೆ ತೆರಬೇಕಾಗುತ್ತದೆ. ಓದಿದವರಿಗೆ ಎಲ್ಲಿ ನೋಡಬೇಕೆಂಬುದು ಗೊತ್ತಿರುತ್ತದೆ. ಹಳೆಯ ಸಾಕಣೆಗಾರರಲ್ಲಿ ಕೆಲವರು ಓದುವವರನ್ನು ಹಗುರವಾಗಿ ಕಾಣುತ್ತಾರೆ, ಇದು ಸರಿಯಲ್ಲ. ವಿದ್ಯುತ್ತಿನಿಂದ ಕಾಯುವ, ಬಿಸಿ ಕಲ್ಲು ಎಂಬ ಉಪಕರಣವನ್ನು ದಶಕಗಳ ಕಾಲ ಸಾವಿರಾರು ಜನ ಬಳಸಿದರು. ಅವು ಪ್ರಾಣಿಗಳ ಹೊಟ್ಟೆ ಸುಡುತ್ತವೆ ಎಂಬ ಎಚ್ಚರಿಕೆ ಮೊದಲು ಮುಟ್ಟಿದ್ದು ಓದುವ ಅಭ್ಯಾಸವಿದ್ದವರನ್ನು. ಹೊಸ ತಿಳಿವಳಿಕೆ ಬಂದಾಗ ತನ್ನ ಹಳೆಯ ಪದ್ಧತಿಯನ್ನು ಬದಲಿಸಲು ಒಪ್ಪದ ಸಾಕಣೆಗಾರನ ವರ್ಷಗಳನ್ನು ಅನುಭವದ ಲೆಕ್ಕಕ್ಕೆ ಸೇರಿಸಲು ನಾನು ಹಿಂಜರಿಯುತ್ತೇನೆ.

ಒಂದು ಪ್ರಭೇದ ಸಾಕಿದ ಅನುಭವ ಇನ್ನೊಂದಕ್ಕೆ ಸಲ್ಲುತ್ತದೆಯೇ?

ಸ್ವಲ್ಪ ಸಲ್ಲುತ್ತದೆ, ಬಹಳಷ್ಟು ಸಲ್ಲುವುದಿಲ್ಲ. ತಮ್ಮ ಅನುಭವವನ್ನು ಪ್ರಾಮಾಣಿಕವಾಗಿ ಅಳೆದುಕೊಳ್ಳಬೇಕೆನ್ನುವವರು ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ ಪ್ರಶ್ನೆ ಇದು.

ಸ್ವಚ್ಛತೆ, ಹೊಸ ಪ್ರಾಣಿಯನ್ನು ಪ್ರತ್ಯೇಕವಾಗಿಡುವುದು, ಉಷ್ಣತೆಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಬಳಕೆ, ತೂಕದ ದಾಖಲೆ, ತಪ್ಪಿಸಿಕೊಳ್ಳದಂತೆ ಬೀಗ ಹಾಕುವುದು ಎಲ್ಲ ಸರೀಸೃಪಗಳಿಗೂ ಒಂದೇ. ಆದರೆ ಕಾರ್ನ್ ಸ್ನೇಕ್ ಸಾಕಿದ ಹತ್ತು ವರ್ಷದ ಅನುಭವ ಗೋಸುಂಬೆಯ ಮುಂದೆ ಹೆಚ್ಚು ಕೆಲಸಕ್ಕೆ ಬಾರದು. ಕಾರ್ನ್ ಸ್ನೇಕ್ ಬಟ್ಟಲಿನ ನೀರು ಕುಡಿಯುತ್ತದೆ. ಗೋಸುಂಬೆ ಎಲೆಯ ಮೇಲಿನ ಹನಿಗಳನ್ನು ನೆಕ್ಕುತ್ತದೆ, ಬಟ್ಟಲು ತುಂಬಿದ್ದರೂ ಬಾಯಾರಿ ಸಾಯಬಲ್ಲದು. ಇಡೀ ಇಲಿಯನ್ನು ನುಂಗುವ ಹಾವಿಗೆ ಅದರ ಮೂಳೆಗಳಿಂದಲೇ ಕ್ಯಾಲ್ಸಿಯಂ, ಯಕೃತ್ತಿನಿಂದಲೇ ವಿಟಮಿನ್‌ಗಳು ಸಿಗುತ್ತವೆ. ಕೀಟ ತಿನ್ನುವ ಹಲ್ಲಿಯ ವಿಷಯದಲ್ಲಿ ಹಾಗಲ್ಲ: ಕ್ರಿಕೆಟ್ ಹುಳುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ; ಕ್ಯಾಲ್ಸಿಯಂ ಪುಡಿ ಹಚ್ಚದೆ ಕೊಟ್ಟರೆ ಹಲ್ಲಿಯ ದೇಹ ತನ್ನ ಮೂಳೆಗಳಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ದವಡೆ ಮೆತ್ತಗಾಗುವುದು, ಕಾಲು ಬಾಗುವುದು, ಬೆರಳುಗಳು ಅದುರುವುದು ಆ ಕಾಯಿಲೆಯ ಲಕ್ಷಣಗಳು. ಹಾವು ಮಾತ್ರ ಸಾಕಿದವರು ಇದನ್ನು ಎಂದೂ ಕಂಡಿರಲಾರರು.

ಬೆಳಕಿನ ವಿಷಯದಲ್ಲೂ ಹೀಗೆಯೇ. ಆಸ್ಟ್ರೇಲಿಯಾದ ಒಣ ಬಯಲಿನಿಂದ ಬಂದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿಗೆ ಬಲವಾದ ಯುವಿಬಿ (ಒಂದು ಬಗೆಯ ಅತಿನೇರಳೆ) ಕಿರಣ ಮತ್ತು ದೀಪದ ಕೆಳಗೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕಾದ ಕಲ್ಲು ಬೇಕು. ಮುಸ್ಸಂಜೆಯಲ್ಲಿ ಹೊರಬರುವ ಲೆಪರ್ಡ್ ಗೆಕ್ಕೊಗೆ ಅಷ್ಟು ಬೆಳಕು ಹಿಂಸೆ. ಫರ್ಗುಸನ್ ಮತ್ತು ಅವರ ಸಹಸಂಶೋಧಕರು 2010ರಲ್ಲಿ, ಪ್ರಾಣಿಗಳು ಕಾಡಿನಲ್ಲಿ ಎಷ್ಟು ಅತಿನೇರಳೆ ಕಿರಣಕ್ಕೆ ಮೈಯೊಡ್ಡುತ್ತವೆ ಎಂಬುದನ್ನು ಆಧರಿಸಿ ಅವುಗಳನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದರು. ಇಂದು ಯಾವ ದೀಪ ಬೇಕೆಂದು ಆಯ್ದುಕೊಳ್ಳುವವರು ಆ ವಲಯಗಳನ್ನೇ ಆಧಾರವಾಗಿಟ್ಟುಕೊಳ್ಳುತ್ತಾರೆ. ಆದ್ದರಿಂದ "ನನಗೆ ಸರೀಸೃಪಗಳ ಅನುಭವವಿದೆ" ಎಂದು ಒಟ್ಟಾಗಿ ಹೇಳುವ ಬದಲು "ಇಂಥ ಪ್ರಭೇದವನ್ನು, ಇಂಥ ವಯಸ್ಸಿನಿಂದ ಸಾಕಿದ್ದೇನೆ" ಎಂದು ಹೇಳುವುದು ಸತ್ಯಕ್ಕೆ ಹತ್ತಿರ.

ಬಿಸಿ ಮತ್ತು ಬೆಳಕಿನ ನಿರ್ವಹಣೆಯಲ್ಲಿ ಅನುಭವ ಹೇಗೆ ಕಾಣುತ್ತದೆ?

ಅನುಭವವಿಲ್ಲದವರು ಗೂಡಿನ ಉಷ್ಣತೆ ಎಂದು ಒಂದೇ ಅಂಕಿಯನ್ನು ಹೇಳುತ್ತಾರೆ. ಸರೀಸೃಪವು ತನ್ನ ಮೈಯ ಶಾಖವನ್ನು ಜಾಗ ಬದಲಿಸುವ ಮೂಲಕ ಹೊಂದಿಸಿಕೊಳ್ಳುವ ಜೀವಿಯಾದ್ದರಿಂದ ಗೂಡಿನಲ್ಲಿ ಒಂದು ತುದಿ ಬಿಸಿಯಾಗಿ, ಇನ್ನೊಂದು ತುದಿ ತಂಪಾಗಿ ಇರಬೇಕು. ಕಾರ್ನ್ ಸ್ನೇಕ್‌ಗೆ ಬಿಸಿ ತುದಿಯಲ್ಲಿ 28ರಿಂದ 30 ಡಿಗ್ರಿ, ತಂಪು ತುದಿಯಲ್ಲಿ 22ರಿಂದ 24 ಡಿಗ್ರಿ ಹೊಂದುತ್ತದೆ. ಬಾಲ್ ಪೈಥಾನ್‌ಗೆ ಎರಡೂ ತುದಿ ಇದಕ್ಕಿಂತ ಸ್ವಲ್ಪ ಬೆಚ್ಚಗಿರಬೇಕು. ಅಡಗುವ ಗೂಡು ಎರಡೂ ತುದಿಯಲ್ಲಿ ಇರಬೇಕು, ಇಲ್ಲದಿದ್ದರೆ ಪ್ರಾಣಿ ಶಾಖಕ್ಕೂ ಸುರಕ್ಷತೆಗೂ ನಡುವೆ ಒಂದನ್ನು ಬಿಟ್ಟುಕೊಡಬೇಕಾಗುತ್ತದೆ.

ಅನುಭವಿಗಳು ಗಾಳಿಯ ಉಷ್ಣತೆಯನ್ನೂ ಪ್ರಾಣಿ ಮೈಚಾಚುವ ಮೇಲ್ಮೈಯ ಉಷ್ಣತೆಯನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ. ಶಾಖ ನೀಡುವ ಯಾವ ಉಪಕರಣವನ್ನೂ ಥರ್ಮೋಸ್ಟಾಟ್ ಇಲ್ಲದೆ ಚಾಲೂ ಮಾಡುವುದಿಲ್ಲ, ಥರ್ಮೋಸ್ಟಾಟಿನ ತಂತಿ ತನ್ನ ಜಾಗದಿಂದ ಕಳಚಿ ಬಿದ್ದಿಲ್ಲವೆಂದು ಪ್ರತಿದಿನ ನೋಡುತ್ತಾರೆ. ಯುವಿಬಿ ದೀಪ ಕಣ್ಣಿಗೆ ಬೆಳಗುತ್ತಿದ್ದರೂ ಅದರ ಅತಿನೇರಳೆ ಕಿರಣ ತಿಂಗಳು ಕಳೆದಂತೆ ಕುಗ್ಗುತ್ತದೆ. ಅಳೆಯುವ ಮೀಟರ್ ಇಲ್ಲದವರು ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ 6ರಿಂದ 12 ತಿಂಗಳಿಗೆ, ದೀಪ ಬದಲಿಸಬೇಕು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಯುವಿಬಿ ಬಹುಪಾಲು ಉಳಿದಿರುವುದಿಲ್ಲ, ಗಾಜಿನ ತೊಟ್ಟಿಯನ್ನು ಬಿಸಿಲಿಗಿಟ್ಟರೆ ಒಳಗಿನ ಪ್ರಾಣಿ ನಿಮಿಷಗಳಲ್ಲಿ ಬೇಯುವ ಅಪಾಯವೂ ಇದೆ.

ಹಾವು ತಿನ್ನುವುದನ್ನು ಬಿಟ್ಟಿದೆ. ಅನುಭವವುಳ್ಳವರು ಇಂಥ ಸಂದರ್ಭದಲ್ಲಿ ಏನು ಮಾಡುತ್ತಾರೆ?

ಮೊದಲು ತಕ್ಕಡಿ ತೆಗೆಯುತ್ತಾರೆ. ಆರೋಗ್ಯವಂತ ಪ್ರೌಢ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸವಿದ್ದು ಹೆಚ್ಚು ತೂಕ ಕಳೆದುಕೊಳ್ಳದೆ ಇರಬಲ್ಲದು. ಅದೇ ಪ್ರಭೇದದ ಮರಿ ಅಷ್ಟು ಕಾಲ ತಾಳಲಾರದು. ತೂಕ ಸ್ಥಿರವಾಗಿದ್ದು, ನಾಲಗೆ ಚುರುಕಾಗಿದ್ದು, ಮೈ ತುಂಬಿಕೊಂಡಿದ್ದರೆ ಕಾಯಬಹುದು. ಹತ್ತನೆಯ ಒಂದು ಭಾಗದಷ್ಟು ತೂಕ ಇಳಿದಿದ್ದರೆ, ಬೆನ್ನೆಲುಬು ಏಣಿನಂತೆ ಎದ್ದು ಕಾಣತೊಡಗಿದರೆ, ಪಶುವೈದ್ಯರಲ್ಲಿಗೆ ಹೋಗುವ ಹೊತ್ತಾಗಿದೆ.

ಆಮೇಲೆ ಕಾರಣವನ್ನು ಹುಡುಕುತ್ತಾರೆ: ಪೊರೆ ಬಿಡುವ ಮುನ್ನದ ದಿನಗಳೇ, ಸಂತಾನದ ಋತುವೇ, ಉಷ್ಣತೆ ಇಳಿದಿದೆಯೇ, ಗೂಡಿನ ಜಾಗ ಬದಲಾಗಿದೆಯೇ, ಅಡಗಲು ಬಿಗಿಯಾದ ಗೂಡು ಇದೆಯೇ, ಕೊಡುತ್ತಿರುವ ಬೇಟೆ ಅದರ ದೇಹದ ಅತಿ ಅಗಲದ ಭಾಗಕ್ಕಿಂತ ಬಹಳ ದಪ್ಪವಾಗಿದೆಯೇ, ಹಿಮದಲ್ಲಿಟ್ಟ ಇಲಿಯನ್ನು ಕರಗಿಸಿದ ಮೇಲೆ ಜೀವಂತ ಇಲಿಯ ಮೈಬಿಸಿಯಷ್ಟು ಕಾಯಿಸಲಾಗಿದೆಯೇ ಎಂದು ಒಂದೊಂದಾಗಿ ಪರೀಕ್ಷಿಸುತ್ತಾರೆ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸುತ್ತಾರೆ. ಆತಂಕಗೊಂಡವರು ಒಂದೇ ವಾರದಲ್ಲಿ ಗೂಡು, ಬೇಟೆ, ಹೊತ್ತು ಮೂರನ್ನೂ ಬದಲಿಸಿ ಪ್ರಾಣಿಯ ಗೊಂದಲವನ್ನು ಹೆಚ್ಚಿಸುತ್ತಾರೆ, ಕೊನೆಗೆ ಅದು ತಿಂದರೂ ಯಾವ ಬದಲಾವಣೆಯಿಂದ ತಿಂದಿತೆಂದು ತಿಳಿಯದೆ ಉಳಿಯುತ್ತಾರೆ. ತಿಂದದ್ದನ್ನು ಕಕ್ಕಿದ ಹಾವಿಗೆ ಮರುದಿನವೇ ಮತ್ತೆ ಉಣಿಸುವುದು ದೊಡ್ಡ ತಪ್ಪು. ಆಮ್ಲದಿಂದ ಘಾಸಿಗೊಂಡ ಗಂಟಲು ಮಾಯಲು 10ರಿಂದ 14 ದಿನ ಬಿಟ್ಟು, ಮೊದಲಿಗಿಂತ ಚಿಕ್ಕ ಬೇಟೆ ಕೊಡಬೇಕು.

ಜೀವಂತ ಇಲಿಯನ್ನು ಗೂಡಿಗೆ ಬಿಟ್ಟು ಹೋಗುವುದನ್ನು ಕೆಲವರು ಸಹಜ ಪದ್ಧತಿ ಎನ್ನುತ್ತಾರೆ. ಹಸಿವಿಲ್ಲದ ಹಾವಿನ ಬೆನ್ನನ್ನು ಇಲಿ ಮೂಳೆ ಕಾಣುವವರೆಗೆ ಕಡಿದುಹಾಕಬಲ್ಲದು. ಕಾಡಿನಲ್ಲಿ ಹಾವಿಗೆ ಓಡಿಹೋಗಲು ಜಾಗವಿದೆ, ಗೂಡಿನಲ್ಲಿ ಇಲ್ಲ.

ಹಾಗಾದರೆ ಚೆನ್ನಾಗಿ ತಿನ್ನುವ ಪ್ರಾಣಿ ಒಳ್ಳೆಯ ಸಾಕಣೆಯ ಗುರುತಲ್ಲವೇ?

ಅಲ್ಲ. ಕಾರ್ನ್ ಸ್ನೇಕ್‌ಗಳು, ಬಿಯರ್ಡೆಡ್ ಡ್ರ್ಯಾಗನ್‌ಗಳು ಕೊಟ್ಟಷ್ಟನ್ನೂ ತಿನ್ನುತ್ತವೆ. ಗೂಡಿನ ಪ್ರಾಣಿಗಳಲ್ಲಿ ಬೊಜ್ಜು ಸಾಮಾನ್ಯ ತೊಂದರೆ. ಹಾವಿನ ಬಾಲದ ಬುಡದಲ್ಲಿ ಹಠಾತ್ತನೆ ಕಿರಿದಾಗುವಿಕೆ, ಮೈ ಬಾಗಿದಾಗ ಹುರುಪೆಗಳ ನಡುವಿನ ಚರ್ಮ ಕಾಣುವುದು ಬೊಜ್ಜನ್ನು ಸೂಚಿಸುತ್ತವೆ.

ಪೊರೆ ಬಿಡುವ ಪ್ರಕ್ರಿಯೆಯಿಂದ ಏನು ತಿಳಿಯಬಹುದು?

ಆರೋಗ್ಯವಂತ ಹಾವು ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡಾಗಿ ಪೊರೆ ಬಿಡುತ್ತದೆ. ಕಣ್ಣು ನೀಲಿಯಾಗಿ ಮಬ್ಬಾಗುತ್ತದೆ, ಕೆಲವು ದಿನಗಳ ಮೇಲೆ ಮತ್ತೆ ತಿಳಿಯಾಗುತ್ತದೆ, ಅದಾದ ಮೇಲೆ ಪೊರೆ ಕಳಚುತ್ತದೆ. ಕಣ್ಣು ತಿಳಿಯಾದದ್ದನ್ನು ಕಂಡು ಪೊರೆ ಬಿಟ್ಟಾಯಿತೆಂದು ಭಾವಿಸುವುದು ಹೊಸಬರು ಮಾಡುವ ತಪ್ಪು. ಚೂರುಚೂರಾಗಿ ಕಳಚಿದರೆ ತೇವಾಂಶ ಸಾಲದು ಎಂದು ತಿಳಿಯಬೇಕು. ಅನುಭವಿಗಳು ಕಳಚಿದ ಪೊರೆಯನ್ನು ಬಿಸಾಡುವ ಮುನ್ನ ಅದರಲ್ಲಿ ಎರಡು ಕಣ್ಣಿನ ಪೊರೆಗಳೂ ಬಾಲದ ತುದಿಯೂ ಇವೆಯೇ ಎಂದು ನೋಡುತ್ತಾರೆ. ಕಣ್ಣಿನ ಮೇಲೆ ಹಳೆಯ ಪೊರೆ ಉಳಿದಿದ್ದರೆ ಉಗುರಿನಿಂದಲೋ ಚಿಮಟದಿಂದಲೋ ಕೀಳಹೋಗಬಾರದು, ಕಣ್ಣೇ ಹೋಗಬಹುದು. ತೇವಾಂಶ ಹೆಚ್ಚಿಸಿ ಮುಂದಿನ ಪೊರೆಯವರೆಗೆ ಕಾಯುವುದು ಇಲ್ಲವೇ ವೈದ್ಯರಿಗೆ ತೋರಿಸುವುದು ಸರಿಯಾದ ಕ್ರಮ. ಲೆಪರ್ಡ್ ಗೆಕ್ಕೊಗಳಲ್ಲಿ ಬೆರಳುಗಳ ಸುತ್ತ ಉಳಿದ ಪೊರೆ ಒಣಗಿ ಬಿಗಿದು ರಕ್ತಸಂಚಾರ ತಡೆಯುತ್ತದೆ, ಬೆರಳೇ ಉದುರಿಹೋಗುತ್ತದೆ.

ಕಾಯಿಲೆಯನ್ನು ಗುರುತಿಸುವುದು ಅನುಭವದ ಎಷ್ಟು ದೊಡ್ಡ ಭಾಗ?

ಬಹಳ ದೊಡ್ಡ ಭಾಗ. ಸರೀಸೃಪಗಳು ಅನಾರೋಗ್ಯವನ್ನು ಮುಚ್ಚಿಟ್ಟುಕೊಳ್ಳುತ್ತವೆ. ಎಲ್ಲರಿಗೂ ಕಾಣುವಷ್ಟು ಬಾಧೆ ಪಡುತ್ತಿರುವ ಪ್ರಾಣಿ ಬಹಳ ದಿನಗಳಿಂದ ನರಳುತ್ತಿರುತ್ತದೆ. ಬಾಯಿ ತೆರೆದು ಉಸಿರಾಡುವುದು, ಮೂಗಿನ ಬಳಿ ಗುಳ್ಳೆ, ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಉಸಿರಾಟದ ಸೋಂಕಿನ ಲಕ್ಷಣಗಳು. ಹಾವುಗಳಿಗೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಅವು ನಮ್ಮಂತೆ ಕೆಮ್ಮಿ ಕಫ ಹೊರಹಾಕಲಾರವು, ಆದ್ದರಿಂದ ಈ ಸೋಂಕು ಬೇಗ ಉಲ್ಬಣಿಸುತ್ತದೆ. ನೀರಿನ ಬಟ್ಟಲಿನ ತಳದಲ್ಲಿ ಕಂಡ ಕಪ್ಪು ಚುಕ್ಕಿಗಳು ಮುಳುಗಿ ಸತ್ತ ಮೈಟ್‌ಗಳಿರಬಹುದು (ಹಾವಿನ ರಕ್ತ ಹೀರುವ ಸಣ್ಣ ಪರಾವಲಂಬಿಗಳು). ಹಾವು ದಿನವಿಡೀ ನೀರಿನಲ್ಲೇ ಮುಳುಗಿ ಕುಳಿತರೆ ಗಲ್ಲದ ಕೆಳಗೂ ಕಣ್ಣಿನ ಅಂಚಿನಲ್ಲೂ ಮೈಟ್ ಹುಡುಕಬೇಕು.

ಹೊಸ ಪ್ರಾಣಿಯನ್ನು ಬೇರೆ ಕೋಣೆಯಲ್ಲಿ, ಬೇರೆ ಉಪಕರಣಗಳೊಂದಿಗೆ, ಕನಿಷ್ಠ 60ರಿಂದ 90 ದಿನ ಇಡುವ ಶಿಸ್ತು ಇಲ್ಲದವರನ್ನು ಎಷ್ಟೇ ವರ್ಷ ಸಾಕಿದ್ದರೂ ಅನುಭವಿಗಳೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಬೋವಾ (ಹೆಬ್ಬಾವನ್ನು ಹೋಲುವ ಹಾವು) ಮತ್ತು ಹೆಬ್ಬಾವುಗಳಿಗೆ ಬರುವ ಇನ್‌ಕ್ಲೂಷನ್ ಬಾಡಿ ಕಾಯಿಲೆಗೆ ಅರೆನಾವೈರಸ್ ಎಂಬ ವೈರಸ್ ಗುಂಪಿನ ಸಂಬಂಧವಿರುವುದು 2012ರಲ್ಲಿ ಪತ್ತೆಯಾಯಿತು, ಅದಕ್ಕೆ ಔಷಧವಿಲ್ಲ. ಸೋಂಕು ತಗುಲಿದ ಬೋವಾ ಹೊರನೋಟಕ್ಕೆ ವರ್ಷಗಳ ಕಾಲ ಆರೋಗ್ಯವಾಗಿಯೇ ಕಾಣಬಹುದಾದ್ದರಿಂದ ದಿನ ಎಣಿಸಿದರೆ ಸಾಲದು, ಪರೀಕ್ಷೆಯನ್ನೂ ಮಾಡಿಸಬೇಕು.

ಸರೀಸೃಪಗಳನ್ನು ಬಲ್ಲ ಪಶುವೈದ್ಯರು ಎಲ್ಲಿದ್ದಾರೆ ಎಂಬುದನ್ನು ಪ್ರಾಣಿ ತರುವ ಮುನ್ನವೇ ತಿಳಿದಿಟ್ಟುಕೊಳ್ಳುವುದೂ ಅನುಭವಿಯ ಲಕ್ಷಣ. ನಾಯಿಗೆ ಕೊಡುವ ಔಷಧದ ಪ್ರಮಾಣವನ್ನು ತೂಕಕ್ಕೆ ಇಳಿಸಿ ಆಮೆಗೆ ಕೊಡುವಂತಿಲ್ಲ. ಹುಳದ ಔಷಧವಾದ ಐವರ್‌ಮೆಕ್ಟಿನ್ ಆಮೆಗಳಿಗೆ ಪ್ರಾಣಾಂತಿಕ.

ನನ್ನ ಬಳಿ ಪ್ರಾಣಿಯೊಂದು ಸತ್ತಿದೆ. ನನ್ನ ಅನುಭವಕ್ಕೆ ಬೆಲೆ ಇಲ್ಲವೇ?

ಖಂಡಿತ ಇದೆ, ಸಾವಿನ ಕಾರಣವನ್ನು ತಿಳಿಯಲು ನೀವು ಏನು ಮಾಡಿದಿರಿ ಎಂಬುದು ಮುಖ್ಯ. ಶವಪರೀಕ್ಷೆ ಮಾಡಿಸಿದವರು ಮುಂದಿನ ಪ್ರಾಣಿಗೆ ಉಪಕಾರ ಮಾಡಿದ್ದಾರೆ. ಶವವನ್ನು ಹಿಮಗಟ್ಟಿಸದೆ ತಣ್ಣಗಿಟ್ಟು ಬೇಗ ವೈದ್ಯರಿಗೆ ತಲುಪಿಸಬೇಕು, ಹಿಮಗಟ್ಟಿದರೆ ಅಂಗಾಂಶ ಪರೀಕ್ಷೆ ಕೆಡುತ್ತದೆ.

ಮರಿ ಮಾಡಿಸಿದ್ದರೆ ಅನುಭವ ಹೆಚ್ಚು ಎನ್ನಬಹುದೇ?

ಆರೋಗ್ಯವಾಗಿರುವ ಗಂಡು ಹೆಣ್ಣುಗಳನ್ನು ಒಟ್ಟಿಗೆ ಬಿಟ್ಟರೆ ಹಲವು ಪ್ರಭೇದಗಳು ತಾವಾಗಿ ಸಂತಾನ ಪಡೆಯುತ್ತವೆ, ಅದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ಅದರ ಹಿಂದು ಮುಂದಿನದು ಅನುಭವ ಬೇಡುತ್ತದೆ. ಚಳಿ ನಿದ್ದೆಗೆ ಇಡುವ ಮುನ್ನ ಎರಡು ವಾರವಾದರೂ ಆಹಾರ ನಿಲ್ಲಿಸಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲಿನ ಬೇಟೆ ಜೀರ್ಣವಾಗದೆ ಕೊಳೆಯುತ್ತದೆ. ಇಟ್ಟ ಮೊಟ್ಟೆಯನ್ನು ಹೇಗಿತ್ತೋ ಹಾಗೆಯೇ ಎತ್ತಬೇಕು, ತಿರುಗಿಸಿದರೆ ಒಳಗಿನ ಭ್ರೂಣ ಸಾಯಬಹುದು. ಲೆಪರ್ಡ್ ಗೆಕ್ಕೊಗಳಲ್ಲಿ ಕಾವಿನ ಉಷ್ಣತೆಯೇ ಮರಿಯ ಲಿಂಗವನ್ನು ನಿರ್ಧರಿಸುತ್ತದೆ: 26ರಿಂದ 27 ಡಿಗ್ರಿಯಲ್ಲಿ ಹೆಚ್ಚಾಗಿ ಹೆಣ್ಣು, 31ರಿಂದ 32ರಲ್ಲಿ ಹೆಚ್ಚಾಗಿ ಗಂಡು. ಮೊಟ್ಟೆ ಸಿಕ್ಕಿಕೊಂಡ ಹೆಣ್ಣನ್ನು ಗುರುತಿಸಿ ಹೊತ್ತು ಮೀರುವ ಮುನ್ನ ಚಿಕಿತ್ಸೆ ಕೊಡಿಸಬೇಕು.

ಇದರ ಜೊತೆ ನೈತಿಕ ವಿವೇಕವೂ ಬೇಕು. ಬಾಲ್ ಪೈಥಾನ್‌ಗಳಲ್ಲಿ ಸ್ಪೈಡರ್ ಎಂಬ ಬಣ್ಣದ ತಳಿಗೆ ತಲೆ ತೂಗಾಡುವ, ಸಮತೋಲನ ತಪ್ಪುವ ನರದೋಷ ಅಂಟಿಕೊಂಡೇ ಬರುತ್ತದೆ. ಇದು ತಿಳಿದಿದ್ದೂ ಆ ತಳಿಯನ್ನು ಮುಂದುವರಿಸುವವರ ಅನುಭವ ಪ್ರಾಣಿಯ ಒಳಿತಿಗೆ ಒದಗುತ್ತಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಾಧು ಹಾವುಗಳನ್ನು ವರ್ಷಗಟ್ಟಲೆ ಸಾಕಿದ ಮೇಲೆ ವಿಷದ ಹಾವು ಸಾಕಬಹುದೇ?

ವರ್ಷಗಳು ಕಳೆದಂತೆ ತಾನಾಗಿ ಸಿಗುವ ಅರ್ಹತೆ ಇದಲ್ಲ. ಸಾಧು ಹಾವು ಕಲಿಸುವ ಅಭ್ಯಾಸಗಳಲ್ಲಿ ಕೆಲವು ವಿಷದ ಹಾವಿನ ಮುಂದೆ ಅಪಾಯಕಾರಿ, ಮುಖ್ಯವಾಗಿ ಗೂಡಿನೊಳಗೆ ಯೋಚಿಸದೆ ಕೈ ಹಾಕುವ ಅಭ್ಯಾಸ. ಕೊಕ್ಕೆ, ಪಾರದರ್ಶಕ ಕೊಳವೆ, ಗೂಡು ತೊಳೆಯುವಾಗ ಹಾವನ್ನು ಮುಟ್ಟದೆ ಸ್ಥಳಾಂತರಿಸುವ ಬದಲಿ ಪೆಟ್ಟಿಗೆ, ಇವುಗಳ ಬಳಕೆಯನ್ನು ಬಲ್ಲವರ ಕಣ್ಣೆದುರಿನಲ್ಲಿ ದೀರ್ಘಕಾಲ ಕಲಿಯಬೇಕು. ಆ ಪ್ರಭೇದಕ್ಕೆ ತಕ್ಕ ಪ್ರತಿವಿಷ ಹತ್ತಿರದ ಆಸ್ಪತ್ರೆಯಲ್ಲಿ ಇದೆಯೇ ಎಂಬುದು ಮೊದಲೇ ಖಚಿತವಾಗಿರಬೇಕು, ಏಕೆಂದರೆ ಒಂದು ಪ್ರದೇಶದ ಹಾವುಗಳಿಗೆಂದು ತಯಾರಿಸಿದ ಪ್ರತಿವಿಷ ಬೇರೆ ಖಂಡದ ಹಾವಿನ ವಿಷಕ್ಕೆ ಕೆಲಸ ಮಾಡುವುದಿಲ್ಲ.

ಶಿಕಾಗೋದ ಫೀಲ್ಡ್ ಮ್ಯೂಸಿಯಂನ ಕಾರ್ಲ್ ಪಿ. ಷ್ಮಿಟ್ ತಮ್ಮ ಕಾಲದ ದೊಡ್ಡ ಸರೀಸೃಪ ವಿಜ್ಞಾನಿ. 1957ರಲ್ಲಿ, ಗುರುತಿಸಲೆಂದು ಬಂದ ಬೂಮ್‌ಸ್ಲ್ಯಾಂಗ್ ಎಂಬ ಆಫ್ರಿಕಾದ ವಿಷದ ಹಾವಿನ ಎಳೆಯ ಮರಿ ಅವರ ಹೆಬ್ಬೆರಳಿಗೆ ಕಚ್ಚಿತು. ಕಡಿತ ಅಷ್ಟು ಗಂಭೀರವಲ್ಲವೆಂದು ಭಾವಿಸಿ ತಮ್ಮ ಲಕ್ಷಣಗಳನ್ನು ಬರೆದಿಡುತ್ತಾ ಹೋದ ಅವರು ಮರುದಿನ ರಕ್ತಸ್ರಾವದಿಂದ ತೀರಿಕೊಂಡರು. ಇಡೀ ಬದುಕನ್ನು ಹಾವುಗಳ ಅಧ್ಯಯನಕ್ಕೆ ಕೊಟ್ಟವರಿಗೇ ಹೀಗಾಯಿತೆಂಬುದನ್ನು ವಿಷದ ಹಾವು ಸಾಕಲು ಬಯಸುವ ಪ್ರತಿಯೊಬ್ಬರೂ ನೆನಪಿಡಬೇಕು. ಬ್ರಿಟನ್ನಿನಲ್ಲಿ 1976ರ ಅಪಾಯಕಾರಿ ವನ್ಯಪ್ರಾಣಿಗಳ ಕಾಯ್ದೆಯ ಪ್ರಕಾರ ಇಂಥ ಹಾವುಗಳಿಗೆ ಪರವಾನಗಿ ಕಡ್ಡಾಯ, ಇದು ನ್ಯಾಯವಾದದ್ದು.

ದೊಡ್ಡ ಹೆಬ್ಬಾವುಗಳಿಗೆ ಎಂಥ ಅನುಭವ ಬೇಕು?

ಬರ್ಮೀಸ್ ಹೆಬ್ಬಾವು 5 ಮೀಟರ್ ಮೀರಿ ಬೆಳೆಯಬಲ್ಲದು. ಸುಮಾರು 2.5 ಮೀಟರ್ ದಾಟಿದ ಹಾವನ್ನು ಎಂದೂ ಒಬ್ಬರೇ ನಿಭಾಯಿಸಬಾರದು, ಎರಡನೆಯ ವ್ಯಕ್ತಿಯೂ ತರಬೇತಿ ಪಡೆದಿರಬೇಕು. ಮುದ್ದಾದ ಮರಿ ಎರಡು ಮೂರು ವರ್ಷದಲ್ಲಿ ಒಂದು ಕೋಣೆಯನ್ನೇ ಬೇಡುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರಿಂದ ಅಮೆರಿಕದ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗುಪ್ರದೇಶದಂಥ ಕಡೆ ಹೆಬ್ಬಾವುಗಳು ಹೊರಬಿದ್ದು ಕಾಡಿನಲ್ಲಿ ನೆಲೆಯೂರಿವೆ. ಬೇಡವಾದ ಪ್ರಾಣಿಯನ್ನು ಹೊರಗೆ ಬಿಡುವುದು ಎಂಥ ಸಂದರ್ಭದಲ್ಲೂ ಸಮರ್ಥನೀಯವಲ್ಲ.

ಕಾನೂನಿನ ತಿಳಿವಳಿಕೆಯೂ ಅನುಭವದ ಭಾಗವೇ?

ಹೌದು. 1973ರಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂದ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅನುಬಂಧಗಳಲ್ಲಿ ಎಲ್ಲ ಹೆಬ್ಬಾವುಗಳೂ ಸೇರಿವೆ. ನಕ್ಷತ್ರ ಆಮೆಯನ್ನು 2019ರಲ್ಲಿ ಅತ್ಯಂತ ಕಟ್ಟುನಿಟ್ಟಾದ ಒಂದನೆಯ ಅನುಬಂಧಕ್ಕೆ ಏರಿಸಲಾಯಿತು. ನ್ಯೂಜಿಲೆಂಡಿನಲ್ಲಿ ಹಾವು ಸಾಕುವುದೇ ನಿಷಿದ್ಧ, ಆಸ್ಟ್ರೇಲಿಯಾದಲ್ಲಿ ಸ್ಥಳೀಯ ಸರೀಸೃಪಗಳಿಗೂ ಸಾಮಾನ್ಯವಾಗಿ ಪರವಾನಗಿ ಬೇಕು. ಕಾಡಿನಿಂದ ಹಿಡಿದು ತಂದ ಪ್ರಾಣಿಯನ್ನು ಸಾಕಿದ್ದನ್ನು ಅನುಭವವೆಂದು ಹೇಳಿಕೊಳ್ಳುವವರು ತಮ್ಮ ಅಪರಾಧವನ್ನೇ ಅರ್ಹತೆಯೆಂದು ಮುಂದಿಡುತ್ತಿರಬಹುದು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ?

ಆರೋಗ್ಯವಂತ ಸರೀಸೃಪವೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಹೊತ್ತಿರಬಹುದು. ಐದು ವರ್ಷದೊಳಗಿನ ಮಕ್ಕಳು, ವೃದ್ಧರು, ರೋಗನಿರೋಧಕ ಶಕ್ತಿ ಕುಂದಿದವರು ಇವುಗಳಿಂದ ದೂರವಿರಬೇಕು. ಗೂಡಿನ ಪಾತ್ರೆಗಳನ್ನು ಅಡುಗೆಮನೆಯ ತೊಟ್ಟಿಯಲ್ಲಿ ತೊಳೆಯಬಾರದು. ಸಣ್ಣ ಆಮೆಗಳನ್ನು ಮಕ್ಕಳು ಬಾಯಿಗೆ ಹಾಕಿಕೊಂಡು ಸೋಂಕು ಹರಡುತ್ತಿದ್ದುದರಿಂದಲೇ ಅಮೆರಿಕ 1975ರಲ್ಲಿ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು.

ಪ್ರಾಣಿಯನ್ನು ತರದೆಯೇ ಅನುಭವ ಪಡೆಯಲು ದಾರಿ ಇದೆಯೇ?

ಇದೆ. ಈಗಾಗಲೇ ಸಾಕುತ್ತಿರುವವರು ಊರಿಗೆ ಹೋದಾಗ ಅವರ ಪ್ರಾಣಿಯನ್ನು ನೋಡಿಕೊಳ್ಳುವುದು, ಪುನರ್ವಸತಿ ಕೇಂದ್ರದಲ್ಲಿ ಸ್ವಯಂಸೇವೆ ಮಾಡುವುದು, ವೈದ್ಯರಿಗೆ ನೆರವಾಗುವುದು ಒಳ್ಳೆಯ ದಾರಿಗಳು. ಕೇಂದ್ರಗಳಿಗೆ ಬರುವ ಪ್ರಾಣಿಗಳಲ್ಲಿ ಹೆಚ್ಚಿನವು ತಪ್ಪಾಗಿ ಸಾಕಿದವೇ ಆದ್ದರಿಂದ, ಮನೆಯ ಒಂದು ಆರೋಗ್ಯವಂತ ಹಾವು ವರ್ಷಗಳಲ್ಲಿ ಕಲಿಸದ್ದನ್ನು ಅಲ್ಲಿ ತಿಂಗಳುಗಳಲ್ಲಿ ಕಾಣಬಹುದು. ಇನ್ನೊಂದು ಅಭ್ಯಾಸವನ್ನು ನಾನು ಎಲ್ಲರಿಗೂ ಸೂಚಿಸುತ್ತೇನೆ: ಗೂಡನ್ನು ಪ್ರಾಣಿಯಿಲ್ಲದೆ ಒಂದು ತಿಂಗಳು ನಡೆಸಿ, ದಿನಕ್ಕೆ ಎರಡು ಬಾರಿ ಉಷ್ಣತೆ ಮತ್ತು ತೇವಾಂಶ ಬರೆದಿಡಿ. ಆ ಅಂಕಿಗಳು ಸ್ಥಿರವಾಗುವವರೆಗೆ ಪ್ರಾಣಿ ತರಬೇಡಿ.

ಇನ್ನೊಬ್ಬರ ಅನುಭವವನ್ನು ಹೇಗೆ ತಿಳಿಯುವುದು? ನನ್ನ ಹಾವನ್ನು ಬೇರೆಯವರಿಗೆ ಒಪ್ಪಿಸಬೇಕಾಗಿದೆ.

ದಾಖಲೆ ತೋರಿಸಿ ಎಂದು ಕೇಳಿ. ತಿಂದ ದಿನ, ಬೇಟೆಯ ತೂಕ, ನಿರಾಕರಿಸಿದ ದಿನ, ಪೊರೆ ಬಿಟ್ಟ ದಿನ, ಮಲವಿಸರ್ಜನೆ, ತಿಂಗಳ ತೂಕ, ವೈದ್ಯರ ಭೇಟಿ ಇಷ್ಟನ್ನು ಬರೆದಿಟ್ಟವರು ಸಿಕ್ಕರೆ ಮಾತು ಮುಂದುವರಿಸಬಹುದು. ಬಿಸಿ ತುದಿಯ ಉಷ್ಣತೆಯನ್ನು ಎಲ್ಲಿ, ಯಾವುದರಿಂದ ಅಳೆಯುತ್ತೀರಿ, ವಿದ್ಯುತ್ ಇಡೀ ದಿನ ಕೈಕೊಟ್ಟರೆ ಏನು ಮಾಡುತ್ತೀರಿ, ಕೊನೆಯ ಬಾರಿ ಪ್ರಾಣಿಗೆ ತೊಂದರೆಯಾದಾಗ ಏನು ಬದಲಿಸಿದಿರಿ ಎಂದು ಕೇಳಿ. "ನನ್ನ ಪ್ರಾಣಿಗಳಿಗೆ ಎಂದೂ ಏನೂ ಆಗಿಲ್ಲ" ಎಂಬ ಉತ್ತರ ಬಂದರೆ ಇನ್ನಷ್ಟು ವಿಚಾರಿಸಿ. ಒಪ್ಪಿಸುವಾಗ ನಿಮ್ಮ ದಾಖಲೆಯ ಪ್ರತಿಯನ್ನೂ ಹಾವು ಬಳಸುತ್ತಿದ್ದ ಅಡಗುಗೂಡನ್ನೂ ಜೊತೆಗೆ ಕೊಡಿ, ಮತ್ತು ಹೊಸ ಜಾಗದಲ್ಲಿ ಮೊದಲ ಒಂದು ವಾರ ಅದನ್ನು ಎತ್ತದೆ, ಉಣಿಸದೆ ಬಿಡಬೇಕೆಂದು ತಿಳಿಸಿ.